ಟ್ಯಾಗ್ ಓದ್ತಿಲ್ವಾ? ಬೈಯುವ ಮೊದಲು ಇಷ್ಟು ನೋಡಿ

ಬೆಳಿಗ್ಗೆ ಒಂಬತ್ತಕ್ಕೆ ಮುಂಬೈನ ಘಾಟ್‌ಕೋಪರ್ ಮೆಟ್ರೋ ಗೇಟಿನ ಹತ್ತಿರ ನಿಂತು ನೋಡಿ. ಯಾರೋ ಒಬ್ಬರು ಇಡೀ ಪರ್ಸನ್ನೇ ಗೇಟಿಗೆ ಒತ್ತಿ ಹಿಡಿದಿರುತ್ತಾರೆ. ಗೇಟು ತೆರೆಯುವುದಿಲ್ಲ. ಹಿಂದಿನವರು ‘ಅರೇ ಚಲಾ ನಾ’ ಅಂತ ಗೊಣಗುತ್ತಾರೆ. ಕೆಲವು ತಿಂಗಳ ಹಿಂದೆ ಆ ಪರ್ಸು ನನ್ನದೇ ಆಗಿತ್ತು. ಕಾರ್ಡ್ ಕೆಟ್ಟಿರಲಿಲ್ಲ. ಮೆಟ್ರೋ ಕಾರ್ಡಿನ ಬೆನ್ನಿಗೆ ಬ್ಯಾಂಕ್ ಕಾರ್ಡ್ ಅಂಟಿಕೊಂಡಿತ್ತು, ಗೇಟು ಕರೆದಾಗ ಎರಡೂ ಒಟ್ಟಿಗೆ ‘ಓ’ ಅಂದವು. ಯಾರ ಮಾತು ಕೇಳಬೇಕು ಅಂತ ಗೇಟಿಗೆ ಗೊತ್ತಾಗಲಿಲ್ಲ, ಅಷ್ಟೇ. ಕಾರ್ಡನ್ನು ಹೊರಗೆ ತೆಗೆದು ಒಂದನ್ನೇ ಹಿಡಿಯಿರಿ, ಅರ್ಧ ಸೆಕೆಂಡ್ ಹಾಗೇ ಬಿಡಿ, ಸವರಬೇಡಿ.

ಆರ್‌ಎಫ್‌ಐಡಿ (ರೇಡಿಯೋ ಅಲೆಯಿಂದ ಗುರುತು ಹಿಡಿಯುವ ವಿದ್ಯೆ; ಮೆಟ್ರೋ ಕಾರ್ಡು, ಫಾಸ್ಟ್ಯಾಗ್ ಎಲ್ಲಾ ಇದೇ) ಅಂದರೆ ಇಷ್ಟೇ: ಒಬ್ಬ ಕರೆಯುತ್ತಾನೆ, ಇನ್ನೊಬ್ಬ ಓಗೊಡುತ್ತಾನೆ. ಕರೆಯುವುದು ರೀಡರ್, ಓಗೊಡುವುದು ಟ್ಯಾಗ್. ಎಷ್ಟು ದೂರದಿಂದ ಕರೆದರೆ ಕೇಳಿಸುತ್ತದೆ ಅನ್ನೋದು ಗೊತ್ತಾದರೆ ಯಾವುದನ್ನು ಎಲ್ಲಿ ಅಂಟಿಸಬೇಕು, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅನ್ನೋದೂ ತಾನಾಗಿ ತಿಳಿಯುತ್ತದೆ.

ಹುಬ್ಬಳ್ಳಿಯಿಂದ ಬಂದಿದ್ದ ನಮ್ಮ ಮಾವನವರು ಹೊಸ ಫಾಸ್ಟ್ಯಾಗನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ಕೇಳಿದರು: ‘ಅಳಿಯಂದ್ರ, ಇದರಾಗ ಶೆಲ್ ಎಲ್ಲೈತ್ರಿ?’

ಸರಿಯಾದ ಪ್ರಶ್ನೆ. ಶೆಲ್, ಅಂದರೆ ಬ್ಯಾಟರಿ, ಇಲ್ಲವೇ ಇಲ್ಲ. ಸ್ಟಿಕ್ಕರ್ ಒಳಗೆ ಇರುವುದು ತೆಳ್ಳನೆಯ ಲೋಹದ ಆಂಟೆನಾ, ಮಧ್ಯೆ ಸಾಸಿವೆಗಿಂತ ಸಣ್ಣ ಚಿಪ್. ಟೋಲ್ ನಾಕಾದ ಮೇಲೆ ಕೂತಿರುವ ರೀಡರ್ ರೇಡಿಯೋ ಅಲೆ ಎಸೆಯುತ್ತದೆ. ಆ ಅಲೆಯಿಂದಲೇ ಚೂರು ವಿದ್ಯುತ್ ಹೀರಿಕೊಂಡು ಚಿಪ್ ಎಚ್ಚರಾಗುತ್ತದೆ. ಉತ್ತರ ಕೊಡಲು ಅದರ ಹತ್ತಿರ ಸ್ವಂತ ಅಲೆ ಇಲ್ಲ, ಬಂದ ಅಲೆಯನ್ನೇ ಹೆಚ್ಚು ಕಡಿಮೆ ಮಾಡಿ ವಾಪಸ್ ಕಳಿಸುತ್ತದೆ. ಚಿಕ್ಕವರಿದ್ದಾಗ ಕನ್ನಡಿ ಚೂರು ಹಿಡಿದು ಬಿಸಿಲನ್ನು ಎದುರುಮನೆ ಗೋಡೆಗೆ ಬಿಡುತ್ತಿದ್ದೆವು ಅಲ್ವಾ? ಕನ್ನಡಿ ಆಚೀಚೆ ತಿರುಗಿಸಿದರೆ ಬೆಳಕು ಮಿಣಕ್ ಮಿಣಕ್. ಅದೇ ಆಟ. ಹೀಗೆ ಮರಳಿಸಿದ ಅಲೆಯಲ್ಲೇ ಮಾತಾಡಬಹುದು ಅಂತ ಹ್ಯಾರಿ ಸ್ಟಾಕ್‌ಮನ್ ಎಂಬ ಎಂಜಿನಿಯರ್ 1948ರಲ್ಲೇ ಬರೆದಿದ್ದರು.

ನಮ್ಮ ಕೈಗೆ ಸಿಗುವ ಟ್ಯಾಗುಗಳು, ಅಲೆಯ ಆವರ್ತನದ (ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನೋದರ) ಲೆಕ್ಕದಲ್ಲಿ, ಮುಖ್ಯವಾಗಿ ಮೂರು ಜಾತಿ. ಹಳೆಯ ಆಫೀಸು, ಸೊಸೈಟಿ ಗೇಟುಗಳ ದಪ್ಪನೆಯ ಬಿಳಿ ಕಾರ್ಡು ಸಾಮಾನ್ಯವಾಗಿ 125 ಕಿಲೋಹರ್ಟ್ಜ್. ಮೆಟ್ರೋ ಕಾರ್ಡು, ಬ್ಯಾಂಕಿನ ಟ್ಯಾಪ್ ಕಾರ್ಡು, ಚಿಪ್ ಇರುವ ಹೊಸ ಪಾಸ್‌ಪೋರ್ಟು ಎಲ್ಲಾ 13.56 ಮೆಗಾಹರ್ಟ್ಜ್. ಇವೆರಡೂ ಕೆಲವು ಸೆಂಟಿಮೀಟರ್ ದೂರದ ಗಿರಾಕಿಗಳು, ಕಿವಿಯ ಹತ್ತಿರ ಹೋಗಿ ಕರೆದರೆ ಮಾತ್ರ ಕೇಳಿಸುತ್ತದೆ. ಫಾಸ್ಟ್ಯಾಗ್ ಮಾತ್ರ 865 ಮೆಗಾಹರ್ಟ್ಜ್ ಆಸುಪಾಸಿನದು, ಹಲವು ಮೀಟರ್ ದೂರದಿಂದಲೂ ಓಗೊಡುತ್ತದೆ. ಡೆಕಾಥ್ಲಾನ್‌ನಲ್ಲಿ ಬಟ್ಟೆ, ಚೆಂಡು ಎಲ್ಲಾ ಒಂದೇ ಡಬ್ಬದಲ್ಲಿ ಸುರಿದರೆ ಬಿಲ್ ಬರುತ್ತದಲ್ಲ, ಅದೂ ಇದೇ ಜಾತಿ. ಲೋಕಲ್ ರೈಲಿನ ಟಿಕೆಟಿನ ಕ್ಯೂಆರ್ ಚೌಕ ಇದ್ಯಾವುದೂ ಅಲ್ಲ, ಅದು ಕ್ಯಾಮೆರಾ ಓದುವ ಚಿತ್ರ.

ನಿಮ್ಮ ಕಾರ್ಡು ಯಾವ ಜಾತಿ ಅಂತ ಮನೆಯಲ್ಲೇ ನೋಡಬಹುದು. ಮೊಬೈಲಿನಲ್ಲಿ ಎನ್‌ಎಫ್‌ಸಿ (ಟ್ಯಾಪ್ ಕಾರ್ಡು ಓದುವ ಸೌಲಭ್ಯ) ಆನ್ ಮಾಡಿ, ಕಾರ್ಡನ್ನು ಫೋನಿನ ಬೆನ್ನಿಗೆ ತಾಗಿಸಿ. ಫೋನ್ ಟಿಣ್ ಅಂತ ಸದ್ದು ಮಾಡಿದರೆ 13.56. ಏನೂ ಆಗದಿದ್ದರೆ ಬಹುಶಃ 125. ತೆಳ್ಳನೆಯ ಬಿಳಿ ಕಾರ್ಡಾದರೆ ಕತ್ತಲಲ್ಲಿ ಹಿಂದಿನಿಂದ ಟಾರ್ಚ್ ಬಿಡಿ. ಅಂಚಿನುದ್ದಕ್ಕೂ ನಾಲ್ಕೈದು ಸುತ್ತು ತಂತಿ ನೆರಳಿನಂತೆ ಕಾಣುತ್ತದೆ. ನಾನು ಇದನ್ನು ಮೊದಲ ಸಲ ನೋಡಿದ್ದು ಒಂದು ಕಾರ್ಡನ್ನು ಹಾಳು ಮಾಡಿದ ಮೇಲೆ: ಕೀ ಗೊಂಚಲಿಗೆ ಸಿಕ್ಕಿಸಲು ಮೂಲೆಯಲ್ಲಿ ತೂತು ಹೊಡೆದಿದ್ದೆ, ತಂತಿ ಅಲ್ಲೇ ಕತ್ತರಿಸಿಹೋಗಿತ್ತು. ತೂತು ಬೇಕೇ ಬೇಕಾದರೆ ಟಾರ್ಚ್ ಬಿಟ್ಟು ತಂತಿ ಇಲ್ಲದ ಜಾಗ ಹುಡುಕಿಕೊಳ್ಳಿ.

ಈಗ ಫಾಸ್ಟ್ಯಾಗ್. ನನಗೆ ಜಾಸ್ತಿ ಫೋನ್ ಬರುವುದು ಇದಕ್ಕೇ.

ಕಾರಿನ ಮುಂದಿನ ಗಾಜಿನ ಒಳಬದಿಯಲ್ಲಿ, ಮೇಲೆ ನಡುವೆ, ಹಿಂಬದಿ ನೋಡುವ ಕನ್ನಡಿಯ ಹಿಂದೆ ಅಂಟಿಸಿ. ಮೊದಲು ಗಾಜು ಒರೆಸಿ, ಪೂರ್ತಿ ಒಣಗಲಿ. ಮಳೆಗಾಲದಲ್ಲಿ ಎಸಿ ಹಾಕಿದ ಕಾರಿನ ಗಾಜು ಒಳಗೂ ಬೆವರಿರುತ್ತದೆ, ಅದರ ಮೇಲೆ ಒತ್ತಿದರೆ ವಾರದಲ್ಲಿ ಅಂಚು ಏಳುತ್ತದೆ. ಅಂಟಿಸಿದ ಮೇಲೆ ಕಿತ್ತು ಜಾಗ ಬದಲಿಸಲು ಹೋಗಬೇಡಿ. ಕಿತ್ತರೆ ಆಂಟೆನಾ ಹರಿಯುವಂತೆಯೇ ಅದನ್ನು ಮಾಡಿರುತ್ತಾರೆ. ಗಾಜು ಬದಲಿಸಿದರೆ ಬ್ಯಾಂಕಿನಿಂದ ಹೊಸ ಟ್ಯಾಗ್ ತರಿಸಿಕೊಳ್ಳಿ. ಬಿಸಿಲು ತಡೆಯುವ ಲೋಹದ ಪದರದ ಫಿಲ್ಮ್ ಇದ್ದರೆ ಅಲೆ ಅಲ್ಲೇ ಪುಟಿದು ಹೋಗುತ್ತದೆ, ಟ್ಯಾಗಿಗೆ ಕರೆ ಕೇಳಿಸುವುದೇ ಇಲ್ಲ. ಲೋಹದ ಗಣಪತಿ, ಡ್ಯಾಶ್‌ಕ್ಯಾಮ್ ಎಲ್ಲಾ ಸ್ವಲ್ಪ ದೂರ ಇರಲಿ. ಕೈಯಲ್ಲಿ ಹಿಡಿದು ತೋರಿಸುವ ಜಾಣರೂ ಇದ್ದಾರೆ. ಅಂಥ ಟ್ಯಾಗುಗಳನ್ನು ಕಪ್ಪುಪಟ್ಟಿಗೆ ಹಾಕುತ್ತೇವೆ ಅಂತ ಹೆದ್ದಾರಿ ಪ್ರಾಧಿಕಾರ 2025ರಲ್ಲಿ ಹೇಳಿದೆ.

ರೀಚಾರ್ಜನ್ನು ಖಾಲಾಪುರ ಟೋಲಿನ ಸಾಲಿನಲ್ಲಿ ನಿಂತು ಮಾಡಬೇಡಿ, ಹಿಂದಿನ ರಾತ್ರಿಯೇ ಮುಗಿಸಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಟ್ಯಾಗ್ ಇಲ್ಲದಿದ್ದರೆ ಅಥವಾ ನಡೆಯದಿದ್ದರೆ, 2025ರ ನವೆಂಬರ್ 15ರಂದು ಜಾರಿಗೆ ಬಂದ ನಿಯಮದಲ್ಲಿ ನಗದಿಗೆ ಎರಡು ಪಟ್ಟು, ಯುಪಿಐಗೆ ಒಂದೂಕಾಲು ಪಟ್ಟು ಇತ್ತು. ಆದರೆ ತುಂಬಾ ಜನಕ್ಕೆ ಗೊತ್ತಿಲ್ಲದ ಒಂದು ಮಾತು: ನಿಮ್ಮ ಟ್ಯಾಗ್ ಸರಿಯಾಗಿದ್ದು, ದುಡ್ಡೂ ಇದ್ದು, ನಾಕಾದ ಯಂತ್ರವೇ ಕೆಟ್ಟಿದ್ದರೆ ಹಣ ಕೊಡದೆ ಹೋಗಬಹುದು, ಸೊನ್ನೆ ರೂಪಾಯಿ ರಸೀದಿ ಕೊಡಬೇಕು. 2018ರಿಂದ ಈ ನಿಯಮ ಇದೆ. ಜಗಳ ಬೇಡ, ಸುಮ್ನೆ ಆ ರಸೀದಿ ಕೇಳಿ. ಕೊಡದಿದ್ದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ.

ಊರಿಗೆ ಗಾಡಿಯಲ್ಲಿ ಹೋಗುವವರು ಫಾಸ್ಟ್ಯಾಗಿನ ವಾರ್ಷಿಕ ಪಾಸಿನ (2025ರಲ್ಲಿ ಶುರುವಾದಾಗ 3,000 ರೂಪಾಯಿಗೆ 200 ಟ್ರಿಪ್) ಲೆಕ್ಕವನ್ನೂ ಸರಿಯಾಗಿ ಹಾಕಿಕೊಳ್ಳಿ. 200 ಟ್ರಿಪ್ ಅಂದರೆ 200 ಸಲ ಊರಿಗೆ ಅಲ್ಲ, ಒಂದು ನಾಕಾ ದಾಟಿದರೆ ಒಂದು ಟ್ರಿಪ್. ಪುಣೆ ದಾಟಿದ ಮೇಲೆ ಖೇಡ್ ಶಿವಾಪುರ, ಆನೆವಾಡಿ, ತಾಸವಡೆ, ಕಿಣಿ, ಕೋಗನೋಳಿ, ಹತ್ತರಗಿ, ಬೆಳಗಾವಿ ಮುಟ್ಟುವುದರೊಳಗೆ ಆರು ಹೋದವು. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ರಾಜ್ಯದ್ದು, ಅಲ್ಲಿ ಪಾಸ್ ನಡೆಯುವುದಿಲ್ಲ, ಮಾಮೂಲಿ ದುಡ್ಡೇ ಕಡಿತ. ನನಗಂತೂ ವರ್ಷಕ್ಕೆ ನಾಲ್ಕು ಸಲ ಹೋಗಿಬಂದರೆ ಗಿಟ್ಟುತ್ತದೆ.

ಬ್ಯಾಂಕ್ ಕಾರ್ಡಿನ ಭಯ ಬೇರೆ ಇದೆ. ಲೋಕಲ್ ರಶ್‌ನಲ್ಲಿ ಯಾರಾದರೂ ಯಂತ್ರ ತಾಗಿಸಿ ದುಡ್ಡು ಎಳೆದರೆ? ಕೆಲವು ಸೆಂಟಿಮೀಟರಿಗೆ ಬರಬೇಕು, ದುಡ್ಡು ಹೋಗುವುದು ಬ್ಯಾಂಕಿನಲ್ಲಿ ನೋಂದಾಯಿಸಿದ ಅಂಗಡಿಯ ಖಾತೆಗೆ. ಕಷ್ಟದ ಕೆಲಸ, ಆಗುವುದೇ ಇಲ್ಲ ಅನ್ನಲಾರೆ. ಪಿನ್ ಇಲ್ಲದೆ ಒಂದು ಸಲಕ್ಕೆ 5,000 ರೂಪಾಯಿವರೆಗೆ ಹೋಗಬಹುದು. ಬೇಡವಾದರೆ ಬ್ಯಾಂಕಿನ ಆ್ಯಪಿನಲ್ಲಿ ಕಾಂಟ್ಯಾಕ್ಟ್‌ಲೆಸ್ ಆಫ್ ಮಾಡಿ, ಅಲೆ ತಡೆಯುವ ಪರ್ಸಿಗೆ ದುಡ್ಡು ಸುರಿಯಬೇಡಿ. 2022ರಲ್ಲಿ ಗಾಜು ಒರೆಸುವ ಹುಡುಗ ವಾಚ್ ತೋರಿಸಿ ಫಾಸ್ಟ್ಯಾಗ್ ದುಡ್ಡು ಕದ್ದ ವಿಡಿಯೋ ಓಡಾಡಿತ್ತಲ್ಲ, ಅದು ಶುದ್ಧ ನಾಟಕ.

ನನಗೆ ನಿಜವಾಗಿ ಕಸಿವಿಸಿ ಆಗುವುದು ಸೊಸೈಟಿ ಗೇಟಿನ ಕಾರ್ಡಿನಿಂದ. ಟ್ಯಾಗಿನಲ್ಲಿ ಜಿಪಿಎಸ್ ಇಲ್ಲ, ನೀವು ಎಲ್ಲಿದ್ದೀರಿ ಅಂತ ಅದಕ್ಕೆ ಗೊತ್ತಿಲ್ಲ. ಆದರೆ ಓಗೊಟ್ಟ ಪ್ರತಿ ಸಲವೂ ರೀಡರಿನ ಕಡೆ ಒಂದು ಸಾಲು ಬರೆದಿಟ್ಟುಕೊಳ್ಳಬಹುದು: ಯಾರು, ಎಷ್ಟು ಗಂಟೆಗೆ. ನಮ್ಮ ಬಿಲ್ಡಿಂಗಿನಲ್ಲಿ ಮನೆಗೆಲಸದ ಹೆಂಗಸರಿಗೆಲ್ಲ ಕಾರ್ಡ್ ಕೊಟ್ಟರು. ಒಂದು ದಿನ ನಮ್ಮ ಮನೆಗೆ ಕೆಲಸಕ್ಕೆ ಬರುವ ಮೌಶಿಯ ಕಾರ್ಡು ಓದಲಿಲ್ಲ, ವಾಚ್‌ಮನ್ ಸುಮ್ನೆ ಒಳಗೆ ಬಿಟ್ಟ. ತಿಂಗಳ ಕೊನೆಗೆ ಇನ್ನೊಂದು ಮನೆಯವರು ಪಟ್ಟಿ ತೋರಿಸಿ ‘ಆವತ್ತು ನೀವು ಬಂದೇ ಇಲ್ಲ’ ಅಂತ ಒಂದು ದಿನದ ಪಗಾರ ಹಿಡಿದರು. ನಿಮ್ಮ ಸೊಸೈಟಿಯಲ್ಲೂ ಕಾರ್ಡ್ ಬಂದರೆ ಮೀಟಿಂಗಿನಲ್ಲಿ ಎರಡು ಪ್ರಶ್ನೆ ಕೇಳಿ: ಈ ಪಟ್ಟಿ ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ. 125ರ ಕಾರ್ಡಾದರೆ ಮೂರನೆಯದೂ ಕೇಳಿ, ನಕಲಿ ಕಾರ್ಡ್ ತಡೆಯಲು ಏನು ಮಾಡಿದ್ದೀರಿ ಅಂತ, ಏಕೆಂದರೆ ಸಾಮಾನ್ಯವಾಗಿ ಅದರಲ್ಲಿರುವುದು ಬರೀ ಒಂದು ನಂಬರ್, ನಕಲು ಮಾಡುವುದು ಸುಲಭ.

ಕಡೆಗೆ, ಗಾಡಿ ಮಾರುವಾಗ ಫಾಸ್ಟ್ಯಾಗನ್ನು ಬ್ಯಾಂಕಿಗೆ ಹೇಳಿ ಮುಚ್ಚಿಸಿ, ಸ್ಟಿಕ್ಕರ್ ಹರಿದು ತೆಗೆದು ಆಮೇಲೆ ಕೀ ಕೊಡಿ. ಮಾವನವರು ಹಳೆ ಗಾಡಿ ಕೊಟ್ಟು, ಟ್ಯಾಗ್ ಮರೆತು, ಹುಬ್ಬಳ್ಳಿ ಮನೆಯ ಕಟ್ಟೆ ಮೇಲೆ ಚಹಾ ಕುಡಿಯುತ್ತಿದ್ದಾಗ ಮೆಸೇಜ್ ಬಂತು, ಕಿಣಿ ನಾಕಾದಲ್ಲಿ ದುಡ್ಡು ಕಡಿತ. ನನಗೆ ಫೋನ್ ಹಚ್ಚಿದರು: ‘ಅಳಿಯಂದ್ರ, ನಾ ಇಲ್ಲೇ ಕುಂತೀನಿ, ಕಿಣಿ ದಾಟೀನಂತ!’