ಪುಷ್ಯ ಮಳೆಯಲ್ಲೂ ಒಂದು ಕಂತು ತಪ್ಪಲಿಲ್ಲ: ನನ್ನ ಅನುಭವ

ಮೂಡಿಗೆರೆ ತಾಲ್ಲೂಕಿನ ಬಣಕಲ್ ಕಡೆಯ ಮಳೆ ಗೊತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಡಿಷ್ ಕೂರಿಸುವುದು, ಇನ್ವರ್ಟರ್ ತಂತಿ ಎಳೆಯುವುದು ನಿಮಗೆ ತಿಳಿದೇ ಇದೆ. ಆರಿದ್ರಾ ಹಿಡಿದರೆ ಆಶ್ಲೇಷಾ ಮುಗಿಯುವವರೆಗೆ ನಮ್ಮ ಮನೆಯ ಟಿವಿಯಲ್ಲಿ ತಪ್ಪದೆ ಬರುತ್ತಿದ್ದ ಕಾರ್ಯಕ್ರಮ ಒಂದೇ: ‘ಸಿಗ್ನಲ್ ಇಲ್ಲ’. ಕಳೆದ ಪುಷ್ಯ ಮಳೆಯ ಒಂದು ಇಡೀ ವಾರ ನನ್ನ ಐದೂ ಕಾರ್ಯಕ್ರಮಗಳನ್ನು ಒಂದು ಕಂತೂ ಬಿಡದೆ ನೋಡಿದೆ. ದಿನದಿನದ ಅನಿಸಿಕೆಯನ್ನು ತೋಟದ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದೂ ಇಟ್ಟೆ. ಇದು ಆಗದ ಕೆಲಸ ಎಂದವರಲ್ಲಿ ಟಿವಿ ರಿಪೇರಿಯವನು, ನನ್ನ ಹೆಂಡತಿ, ಹಾಸನದ ಅತ್ತಿಗೆ ಮೂವರೂ ಇದ್ದಾರೆ.

ಮೊದಲು ಸೋತ ಕಥೆ. ಡಿಷ್ ಎಷ್ಟು ಎತ್ತರದಲ್ಲಿದ್ದರೆ ಅಷ್ಟು ಒಳ್ಳೆಯದು ಎಂದು ರಿಪೇರಿಯವನು ಹೇಳಿದ ಮಾತನ್ನು ನಂಬಿ ಹೆಂಚಿನ ಮೇಲೆ ಹತ್ತಡಿಯ ಪೈಪು ನಿಲ್ಲಿಸಿದೆ. ಗಾಳಿಗೆ ಅದು ಅಲುಗಾಡಿ ಎರಡು ಸಾಲು ಹೆಂಚು ಒಡೆದವು. ಸೋರುವ ನೀರಿಗೆ ಟಿವಿಯ ಪಕ್ಕದಲ್ಲೇ ಪಾತ್ರೆ ಇಟ್ಟುಕೊಂಡು ನೋಡಬೇಕಾಯಿತು. ಮುಂದಿನ ವರ್ಷ ಅಡ್ಡವಾಗಿದೆ ಎಂದುಕೊಂಡು ಆಗ್ನೇಯದ ಸಿಲ್ವರ್ ಮರದ ತಲೆ ಕಡಿಸಿದೆ. ಮರದ ಜೊತೆ ಕಾಳುಮೆಣಸಿನ ಬಳ್ಳಿಯೂ ನೆಲಕ್ಕೆ ಬಂತು. ಒಣಗಿದ ಮೇಲೆ ಮೂರು ಕಿಲೋ ಆದರೂ ಆಗುತ್ತಿತ್ತು. ಸಿಗ್ನಲ್ ಮಾತ್ರ ಇದ್ದಲ್ಲೇ ಇತ್ತು. ಎಲ್‌ಎನ್‌ಬಿಗೆ ಅಂದರೆ ಡಿಷ್ಷಿನ ಮುಂದೆ ಸಿಗ್ನಲ್ ಹಿಡಿಯುವ ಡಬ್ಬಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದೆ. ಚೀಲದ ಮೇಲೆ ನೀರು ಪದರವಾಗಿ ನಿಂತು ಮೊದಲಿಗಿಂತ ಬೇಗ ಚಿತ್ರ ಹೋಗತೊಡಗಿತು. ಡಿಷ್‌ಗೆ ಕೊಡೆ ಹಿಡಿಸಿದ್ದನ್ನೂ ಹೇಳಿಬಿಡುತ್ತೇನೆ. ಆ ಕೊಡೆ ಇನ್ನೂ ಸಿಕ್ಕಿಲ್ಲ.

ಕೊನೆಗೆ ಕೈಹಿಡಿದದ್ದು ಯಾರೂ ಒಪ್ಪದ ಉಪಾಯ. ಡಿಷ್ಷನ್ನು ಕೆಳಗಿಳಿಸಿ ಕಾಫಿ ಒಣಗಿಸುವ ಕಣದ ಅಂಚಿನಲ್ಲಿ, ಎದೆಯ ಮಟ್ಟಕ್ಕೆ, ಸಿಮೆಂಟು ಹಾಕಿ ನಿಲ್ಲಿಸಿದೆ. ನಮ್ಮ ಕಡೆಯಿಂದ ಉಪಗ್ರಹ ಬಹಳ ಮೇಲಕ್ಕಿದೆ. ಎದುರಿಗೆ ಕಣದಷ್ಟು ಬಯಲಿದ್ದರೆ ಸಾಕು. ಗಾಳಿಯ ಹೊಡೆತ ಕಡಿಮೆ, ಏಣಿ ಬೇಡ, ಕಂಬಳಿಕೊಪ್ಪೆ ಹಾಕಿಕೊಂಡು ಹೋಗಿ ಒರೆಸಿ ಬರಬಹುದು. ಅರವತ್ತು ಸೆಂಟಿಮೀಟರಿನ ಡಿಷ್ ತೆಗೆದು ತೊಂಬತ್ತರದ್ದು ಹಾಕಿದೆ. ಅಗಲ ಒಂದೂವರೆ ಪಟ್ಟಾದರೆ ಹಿಡಿಯುವ ಜಾಗ ಎರಡೂಕಾಲು ಪಟ್ಟಾಗುತ್ತದೆ. ಮೊದಲು ಮುಕ್ಕಾಲು ಗಂಟೆ ಹೋಗುತ್ತಿದ್ದ ಚಿತ್ರ ಈಗ ಜಡಿಮಳೆಗೂ ಏಳೆಂಟು ನಿಮಿಷ ಮಾತ್ರ ಹೋಗುತ್ತದೆ. ಎಲ್‌ಎನ್‌ಬಿಯ ಮುಖಕ್ಕೆ ನಾನು ಏನು ಸವರುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅಡುಗೆಮನೆಯಲ್ಲೇ ಇರುವ ವಸ್ತು, ಅಷ್ಟು ಸಾಕು.

ಕರೆಂಟಿಗೆ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ, ಹದಿನೈದೋ ಹದಿನಾರೋ ಸಾವಿರ. ಟಿವಿ, ಬಾಕ್ಸ್ ಸೇರಿ ಎಪ್ಪತ್ತು ವಾಟ್ ದಾಟುವುದಿಲ್ಲ. ಎರಡು ಸಂಜೆಗೆ ಧಾರಾಳವಾಗಿ ಬರಬೇಕಿತ್ತು. ಒಂದೇ ಸಂಜೆಗೆ ಮಲಗಿತು. ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು, ಫ್ರಿಜ್ಜಿನ ಪ್ಲಗ್ಗೂ ಅದೇ ಲೈನಿನಲ್ಲಿತ್ತು. ಒಟ್ಟು ಖರ್ಚು ಹೆಂಚು, ಮೆಣಸು ಬಿಟ್ಟು ಇಪ್ಪತ್ತೈದು ಸಾವಿರದ ಆಸುಪಾಸು. ಇಷ್ಟು ದುಡ್ಡಿಗೆ ಮಳೆಗಾಲ ಪೂರ್ತಿ ಹಾಸನದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಇರಬಹುದಿತ್ತು ಎಂದು ಅತ್ತಿಗೆ ಲೆಕ್ಕ ಹಾಕಿಕೊಟ್ಟರು. ಮೊಬೈಲ್‌ನಲ್ಲಿ ನೋಡಬಾರದೇ ಎಂದು ಕೇಳುವವರು ಒಮ್ಮೆ ಜುಲೈನಲ್ಲಿ ಬಂದು ನಮ್ಮ ಟವರಿನ ಸ್ಥಿತಿ ನೋಡಲಿ.

ಇನ್ನು ಆ ವಾರ. ಸೋಮವಾರದ ಪುಟದಲ್ಲಿ ‘ಪುಟ್ಟಕ್ಕನ ಮಕ್ಕಳು’. ಗಂಡು ಮಗು ಹೆರಲಿಲ್ಲವೆಂದು ಗಂಡ ಕೈಬಿಟ್ಟವಳು ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಕಥೆ. ನಾನು ಬರೆದದ್ದು ಇಷ್ಟೇ: ‘ಉಮಾಶ್ರೀ ಸುಮ್ಮನೆ ನಿಂತರು. ನನ್ನ ಕಾಫಿ ಆರಿತು.’ ‘ಗುಲಾಬಿ ಟಾಕೀಸ್’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ನಟಿ, ಆ ಚಿತ್ರದಲ್ಲೂ ಡಿಷ್ ಇರುವ ಟಿವಿಯೊಂದು ಮನೆಗೆ ಬಂದು ಊರ ಹೆಂಗಸರನ್ನೆಲ್ಲ ಎಳೆದು ತರುತ್ತದೆ. ಅದನ್ನು ನೋಡಿದ ಮೇಲೆ ಧಾರಾವಾಹಿಯ ಅಬ್ಬರದ ಹಿನ್ನೆಲೆ ಸಂಗೀತ ಈಕೆಗೆ ಬೇಕೇ ಇರಲಿಲ್ಲ ಎನಿಸುತ್ತದೆ.

ಮಂಗಳವಾರ ‘ಭಾಗ್ಯಲಕ್ಷ್ಮಿ’. ಮಗನನ್ನು ಬಿಟ್ಟು ಸೊಸೆಯ ಪರ ನಿಲ್ಲುವ ಅತ್ತೆ ಕುಸುಮಾ ಬಂದಾಗಲೆಲ್ಲ ನನ್ನ ಹೆಂಡತಿ ಪುಸ್ತಕ ಮುಚ್ಚಿ ತಲೆ ಎತ್ತುತ್ತಾಳೆ. ಪದ್ಮಜಾ ರಾವ್ ಗದರಿದರೆ ಪರದೆಯ ಈಚೆ ಕುಳಿತ ನನಗೂ ನಾನೇನು ತಪ್ಪು ಮಾಡಿದೆನೋ ಎಂಬ ಭಯ.

ಬುಧವಾರ ‘ಅಮೃತಧಾರೆ’ಗೆ ಪೂರ್ತಿ ಎರಡು ಪುಟ. ನಡುವಯಸ್ಸಿನ ಗೌತಮ್ ಮತ್ತು ಭೂಮಿಕಾ ಮದುವೆಯಾದ ಮೇಲೆ ಒಬ್ಬರನ್ನೊಬ್ಬರು ಇಷ್ಟಪಡಲು ಕಲಿಯುವುದು ನನಗೆ ಬಹಳ ಹಿಡಿಸಿದೆ. ರಾಜೇಶ್ ನಟರಂಗ ಮುಜುಗರದಿಂದ ಮಾತು ಅರ್ಧಕ್ಕೆ ನಿಲ್ಲಿಸುವ ರೀತಿಗೆ ಹತ್ತಕ್ಕೆ ಒಂಬತ್ತು ಕೊಟ್ಟೆ. ಉಳಿದ ಒಂದು ಅಂಕ ಆ ಮನೆಯ ಸೋಫಾ ನೋಡಿ ಕಳೆದದ್ದು. ಇಲ್ಲಿ ಒಂದು ಜಗಳವೂ ಇದೆ. ಮುಂದೇನಾಗುತ್ತದೆ ಎಂದು ಊಹಿಸಿ ಫೋನಿನಲ್ಲಿ ಹೇಳುವ ಪಂದ್ಯ ನನಗೂ ಅತ್ತಿಗೆಗೂ ನಡೆಯುತ್ತದೆ, ಸರಿಯಾದರೆ ಹತ್ತು ರೂಪಾಯಿ. ಆರಂಭದಲ್ಲಿ ಅವರ ಊಹೆ ಒಂದೂ ತಪ್ಪುತ್ತಿರಲಿಲ್ಲ. ಇನ್ನೂರು ರೂಪಾಯಿ ಸೋತ ಮೇಲೆ ಗೊತ್ತಾಯಿತು, ಇದು ‘ಬಡೇ ಅಚ್ಛೇ ಲಗ್ತೇ ಹೈ’ ಎಂಬ ಹಿಂದಿ ಧಾರಾವಾಹಿಯ ರೀಮೇಕ್. ಅತ್ತಿಗೆ ಮೂಲವನ್ನು 2011ರಲ್ಲೇ ನೋಡಲು ಶುರುಮಾಡಿದ್ದವರು. ಹಣ ಮರಳಿ ಬಂದಿಲ್ಲ.

ಎರಡು ಧಾರಾವಾಹಿ ಒಂದೇ ಹೊತ್ತಿಗೆ ಬಿದ್ದರೆ ಒಂದನ್ನು ಪೆನ್‌ಡ್ರೈವ್‌ಗೆ ತುಂಬಿ ಬೆಳಿಗ್ಗೆ ನೋಡುತ್ತೇನೆ. ಜಾಹೀರಾತು, ನಿನ್ನೆಯ ಕಥೆ ಹಾರಿಸಿದರೆ ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷವೂ ಉಳಿಯುವುದಿಲ್ಲ. ಗುರುವಾರ ಹೀಗೆ ನೋಡುವಾಗ ಒಂದು ಬಾಗಿಲು ತಟ್ಟಿದ ಸದ್ದಿಗೆ ಎಷ್ಟು ಮುಖ ತೋರಿಸುತ್ತಾರೆ ಎಂದು ಎಣಿಸಿದೆ. ಹನ್ನೊಂದು. ಬಂದವನು ಹಾಲಿನವನು.

ಚಂದನದ ‘ಥಟ್ ಅಂತ ಹೇಳಿ’ಗೆ ಹಳೆಯ ಸಣ್ಣ ಡಿಷ್ಷನ್ನು ಪೂರ್ವ ರೇಖಾಂಶ 93.5 ಡಿಗ್ರಿಯ ಜಿಸ್ಯಾಟ್-15 ಉಪಗ್ರಹದತ್ತ ತಿರುಗಿಸಿ ದೂರದರ್ಶನದ ಉಚಿತ ಸೇವೆ ಡಿಡಿ ಫ್ರೀ ಡಿಷ್ ಹಾಕಿ ನೋಡಿದೆ. ಒಂದು ಹೋದರೆ ಇನ್ನೊಂದು ಉಳಿಯಬಹುದು ಎಂಬ ಆಸೆ. ಮಳೆ ಜೋರಾದಾಗ ಎರಡೂ ಒಟ್ಟಿಗೇ ಹೋದವು. ಸಾವಿರದ ಚಿಲ್ಲರೆ ನಷ್ಟ. ತಿಂಗಳ ಬಾಡಿಗೆ ಇಲ್ಲ ಎಂಬುದೊಂದೇ ಸಮಾಧಾನ. 2002ರಿಂದ ನಡೆಯುತ್ತಿರುವ ಕಾರ್ಯಕ್ರಮ, ಬಹುಮಾನಕ್ಕೆ ಪುಸ್ತಕ. ಡಾ. ನಾ. ಸೋಮೇಶ್ವರ ಪ್ರಶ್ನೆ ಮುಗಿಸುವ ಮೊದಲೇ ಆ ವಾರ ಏಳು ಉತ್ತರ ಹೇಳಿದೆ. ಆರು ಸರಿ. ಹೆಂಡತಿ ಐದು ಎನ್ನುತ್ತಾಳೆ.

ಐದನೆಯದು ವಾರಾಂತ್ಯದ ರಿಯಾಲಿಟಿ ಷೋ. ಅದರ ಹೆಸರು ಹೇಳಿದರೆ ಅತ್ತಿಗೆ ನಗುತ್ತಾರೆ, ಬೇಡ. ಶನಿವಾರ ಸಂಜೆ ಇಡೀ ಊರಿಗೆ ಕರೆಂಟಿರಲಿಲ್ಲ. ನಮ್ಮ ಕಿಟಕಿಯಲ್ಲಿ ಬೆಳಕು ಕಂಡು ಮೊದಲು ಪಕ್ಕದ ತೋಟದವರು ಬಂದರು, ಆಮೇಲೆ ಅವರ ಅಳಿಯ, ಕೊನೆಗೆ ಎತ್ತರವೇ ಮುಖ್ಯ ಎಂದಿದ್ದ ಅದೇ ರಿಪೇರಿಯವನು, ಎಂಟು ಜನ. ರಿಪೇರಿಯವನು ಟಾರ್ಚು ಹಿಡಿದು ಕಣಕ್ಕೆ ಹೋಗಿ ಎಲ್‌ಎನ್‌ಬಿಯ ಮುಖವನ್ನು ಬೆರಳಿನಿಂದ ಮುಟ್ಟಿ ಮೂಸಿ ನೋಡಿದ. ನಾನು ಏನೂ ಹೇಳಲಿಲ್ಲ. ಮಧ್ಯದಲ್ಲಿ ಆರು ನಿಮಿಷ ಚಿತ್ರ ಹೋದಾಗಲೂ ಯಾರೂ ಏಳಲಿಲ್ಲ. ಅಷ್ಟರಲ್ಲಿ ಎರಡನೆಯ ಸಲ ಕಾಫಿ ಬಂದಿತ್ತು. ಖರ್ಚಿನ ಪಟ್ಟಿಯಲ್ಲಿ ಕಾಫಿಪುಡಿಯನ್ನು ಬರೆದುಕೊಂಡಿದ್ದೀರಾ ಎಂದು ಒಳಗಿನಿಂದ ಹೆಂಡತಿ ಕೇಳಿದಳು.