ದಿನದ ಬರವಣಿಗೆಗೂ ಕಥೆಯ ಹಂದರಕ್ಕೂ ಬೇರೆ ಬೇರೆ ಹೊತ್ತು

ಕಾದಂಬರಿಯ ಮೊದಲ ಕರಡು ಬರೆಯುವಾಗ ನಾನು ಪದಗಳನ್ನು ಎಣಿಸುವುದಿಲ್ಲ. 2025ರಲ್ಲಿ ಮುಚ್ಚಿದ ನ್ಯಾನೋರೈಮೋ ಸಂಸ್ಥೆ ನಡೆಸುತ್ತಿದ್ದ, ನವೆಂಬರ್ ಒಂದೇ ತಿಂಗಳಲ್ಲಿ 50,000 ಪದ ಬರೆಯುವ ಸವಾಲಿನ ಲೆಕ್ಕ ದಿನಕ್ಕೆ ಸುಮಾರು 1,667 ಪದ ಆಗಿತ್ತು. ಅದು ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿ. ವಿಭಕ್ತಿ, ಕಾಲ, ಪ್ರಶ್ನೆ ಎಲ್ಲವೂ ಪದಕ್ಕೇ ಅಂಟಿಕೊಳ್ಳುವ ಕನ್ನಡದಲ್ಲಿ ಅಷ್ಟೇ ಪದ ಬರೆಯಬೇಕೆಂದರೆ ಬೆವರು ಹೆಚ್ಚು. ನನ್ನ ನಿಜವಾದ ತಕರಾರು ಬೇರೆ: ಇಬ್ಬರನ್ನು ಹರಟಲು ಕೂರಿಸಿದರೆ ಸಾವಿರ ಪದ ಸಲೀಸಾಗಿ ಬರುತ್ತದೆ, ಕಥೆ ಮಾತ್ರ ನಿಂತಲ್ಲೇ ಇರುತ್ತದೆ.

ಹಾಗಾಗಿ ದಿನಕ್ಕೊಂದು ತಿರುವು ಎಂದು ಇಟ್ಟುಕೊಂಡಿದ್ದೇನೆ. ಒಂದೊಂದು ದೃಶ್ಯಕ್ಕೂ ಒಂದು ಚೀಟಿ. ಅದರಲ್ಲಿ ಯಾರಿಗೆ ಏನು ಬೇಕು, ದೃಶ್ಯ ಮುಗಿದಾಗ ಯಾವುದು ಮೊದಲಿನಂತೆ ಉಳಿದಿರುವುದಿಲ್ಲ ಎಂಬ ಎರಡೇ ಸಾಲು. ಉದಾಹರಣೆಗೆ, "ಅಣ್ಣನಿಗೆ ಮನೆಯ ಪತ್ರ ಬೇಕು. ತಮ್ಮ ಕೊಡುತ್ತಾನೆ, ಆದರೆ ಸಾಲದ ಸಂಗತಿ ಹೊರಬೀಳುತ್ತದೆ." ಮುಂದಿನ ಮೂರು ನಾಲ್ಕು ದೃಶ್ಯಗಳಿಗಷ್ಟೇ ಇಂಥ ಚೀಟಿ ಬರೆದಿಡುತ್ತೇನೆ. ಅದರಾಚೆಗೆ ಗೊತ್ತಿರುವುದು ನಡುವಿನ ದೊಡ್ಡ ತಿರುವು ಮತ್ತು ಕೊನೆ, ಅಷ್ಟೇ. ಇಡೀ ಹಂದರವನ್ನು ಮೊದಲೇ ಕಟ್ಟಿಬಿಟ್ಟರೆ ನನಗೆ ಬರೆಯುವ ಆಸೆಯೇ ಹೋಗುತ್ತದೆ. ಕೆಲವರಿಗೆ ಹಾಗಾಗುವುದಿಲ್ಲ, ಅವರು ಪುಣ್ಯವಂತರು.

ಬರೆಯಲು ಕೂತ ಹೊತ್ತಿನಲ್ಲಿ ಹಂದರವನ್ನು ಮುಟ್ಟುವುದಿಲ್ಲ. ತೊಡಕು ಕಂಡರೆ ಚೌಕ ಕಂಸದಲ್ಲಿ "ಇಷ್ಟರಲ್ಲಿ ತಂಗಿಗೆ ಸಾಲದ ಸುಳಿವು ಸಿಕ್ಕಿರಬೇಕು" ಎಂದು ಗುರುತು ಹಾಕಿ ಮುಂದಿನ ಸಾಲಿಗೆ ಹೋಗುತ್ತೇನೆ.

ಹಂದರಕ್ಕೆ ವಾರದಲ್ಲಿ ಒಂದು ದಿನ ಮೀಸಲು. ಅಂದು ಹೊಸದೇನನ್ನೂ ಬರೆಯದೆ ಚೀಟಿಗಳನ್ನು ಸಾಲಾಗಿ ಹರಡಿಕೊಂಡು ಕೂರುತ್ತೇನೆ. ಎರಡು ಚೀಟಿಗಳ ನಡುವೆ "ಆದ್ದರಿಂದ" ಅಥವಾ "ಆದರೆ" ಕೂರಬೇಕು. ಬರೀ "ಆಮೇಲೆ" ಮಾತ್ರ ಕೂರುವುದಾದರೆ ಅಲ್ಲಿ ಕಥೆ ಸಡಿಲವಾಗಿದೆ ಎಂದೇ ಅರ್ಥ. ಹಳೆಯ ಉಪಾಯ, ಆದರೆ ಇದಕ್ಕಿಂತ ಒಳ್ಳೆಯದು ನನಗಿನ್ನೂ ಸಿಕ್ಕಿಲ್ಲ. ಸತತ ಮೂರು "ಆಮೇಲೆ" ಕಂಡರೆ ನಡುವಿನ ಒಂದು ದೃಶ್ಯವನ್ನು ಬಿಟ್ಟು ಓದುತ್ತೇನೆ. ಹೆಚ್ಚಿನ ಸಲ ಅದು ಇಲ್ಲದೆಯೂ ಕಥೆ ನಡೆಯುತ್ತದೆ.

ಪಾತ್ರವೊಂದು ಚೀಟಿಯ ಮಾತು ಕೇಳದೆ ಬೇರೆ ದಾರಿ ಹಿಡಿದರೆ ಚೀಟಿಯನ್ನು ಬದಲಿಸುತ್ತೇನೆ, ಬರೆದ ಪುಟವನ್ನಲ್ಲ. ಹಿಂದಿನ ಅಧ್ಯಾಯಗಳನ್ನು ತಿದ್ದಲೂ ಹೋಗುವುದಿಲ್ಲ. ಮನೆಯ ಪತ್ರವನ್ನು ತಮ್ಮ ಕೊಡದೆ ಸುಟ್ಟೇಬಿಟ್ಟ ಎನ್ನಿ. ಅವನು ಮೊದಲಿನಿಂದಲೂ ಅಷ್ಟು ಹಟಮಾರಿಯೇ ಆಗಿದ್ದನೆಂದು ಭಾವಿಸಿ ಮುಂದುವರಿಯುತ್ತೇನೆ. ಎಲ್ಲೆಲ್ಲಿ ತಿದ್ದಬೇಕೆಂಬುದು ಬೇರೆ ಪಟ್ಟಿಗೆ ಹೋಗುತ್ತದೆ. ಕರಡು ಮುಗಿಯುವ ಹೊತ್ತಿಗೆ ಆ ಪಟ್ಟಿಯಲ್ಲಿ ಎಷ್ಟೋ ಬಾಬತ್ತುಗಳಿಗೆ ಕೆಲಸವೇ ಉಳಿದಿರುವುದಿಲ್ಲ, ಏಕೆಂದರೆ ಅವು ಇದ್ದ ದೃಶ್ಯಗಳೇ ಬಿದ್ದುಹೋಗಿರುತ್ತವೆ.