ಟವರ್‌ನಲ್ಲಿ ಕೂತಾಗ ರನ್‌ವೇ ಕಾಯುವುದು ಹೇಗೆ

ವಿಮಾನ ನಿಲ್ದಾಣದ ಟವರ್‌ನಲ್ಲಿ, ವಿಮಾನಗಳಿಗೆ ಏರಲು ಇಳಿಯಲು ಅನುಮತಿ ಕೊಡುವ ಹೊಸ ಕಂಟ್ರೋಲರ್‌ಗಳ ಪಕ್ಕ ಕೂತು ಕೆಲಸ ಕಲಿಸುವುದು ನನ್ನ ಪಾಲಿನ ಹೊಣೆ. ಎಲ್ಲರಿಗೂ ಮೊದಲು ಹೇಳುವುದು ಒಂದೇ: ರನ್‌ವೇ ಮೇಲೆ ಯಾರಿದ್ದಾರೆ ಎಂಬುದನ್ನು ನೆನಪಿಗೆ ಬಿಡಬೇಡಿ. ದಟ್ಟಣೆ ಏರಿದಾಗ ಮೊದಲು ಕೈಕೊಡುವುದು ಅದೇ.

1991ರ ಫೆಬ್ರವರಿ 1ರ ಸಂಜೆ ಲಾಸ್ ಏಂಜಲೀಸ್‌ನಲ್ಲಿ ಸ್ಕೈವೆಸ್ಟ್‌ನ ಸಣ್ಣ ವಿಮಾನವೊಂದಕ್ಕೆ ರನ್‌ವೇ ಮೇಲೆ ಬಂದು ಕಾಯಲು ಹೇಳಲಾಗಿತ್ತು. ಅಷ್ಟರಲ್ಲಿ ಬೇರೊಂದು ವಿಮಾನ ರೇಡಿಯೊದಲ್ಲಿ ಸಿಗಲಿಲ್ಲ, ಮತ್ತೊಂದರ ಸ್ಟ್ರಿಪ್ (ಒಂದೊಂದು ವಿಮಾನದ ವಿವರ ಬರೆದ ಚೀಟಿ) ಕಾಣಲಿಲ್ಲ. ಆ ಗೊಂದಲದಲ್ಲಿ ಕಂಟ್ರೋಲರ್‌ಗೆ ಕಾಯುತ್ತಿದ್ದ ವಿಮಾನ ಮರೆತೇಹೋಯಿತು. ಅದೇ ರನ್‌ವೇಗೆ ಇಳಿದ ಯುಎಸ್‌ಏರ್‌ನ ಬೋಯಿಂಗ್ 737 ಅದಕ್ಕೆ ಡಿಕ್ಕಿ ಹೊಡೆಯಿತು. 35 ಜನ ಸತ್ತರು. ಒಬ್ಬರ ಮರೆವನ್ನು ಹಿಡಿದು ನಿಲ್ಲಿಸುವ ಎರಡನೇ ತಡೆ ಆ ಟವರ್‌ನಲ್ಲಿ ಇರಲಿಲ್ಲ ಎಂಬುದನ್ನೇ ತನಿಖೆ ಎತ್ತಿ ಹೇಳಿತು.

ಹಾಗಾಗಿ ಆ ತಡೆಯನ್ನು ನಿಮ್ಮ ಕೈಗೇ ಕಲಿಸಿ. ವಿಮಾನಕ್ಕೆ ರನ್‌ವೇ ಮೇಲೆ ಬರಲು ಹೇಳುವಾಗಲೇ, ಮೈಕ್ ಬಟನ್ ಬಿಡುವ ಮೊದಲೇ, ಸ್ಟ್ರಿಪ್ ಮುಂದಿನ ಹಲಗೆಯ ರನ್‌ವೇ ಖಾನೆಗೆ ಸರಿದಿರಬೇಕು. ತಪಾಸಣೆಯ ಜೀಪು ಒಳಗೆ ಹೋದರೆ ಅಲ್ಲಿ ಕೆಂಪು ಪಟ್ಟಿ ಕೂರಬೇಕು. ಜೀಪಿನವರು ಹೊರಬಂದೆವು ಎಂದ ಮಾತ್ರಕ್ಕೆ ಪಟ್ಟಿ ತೆಗೆಯಬೇಡಿ, ರನ್‌ವೇ ಹೊರಗಿನ ಕಾಯುವ ಗೆರೆ ದಾಟಿದ್ದನ್ನು ನೋಡಿ ತೆಗೆಯಿರಿ. ಏರಲು, ಇಳಿಯಲು, ದಾಟಲು ಅನುಮತಿ ಕೊಡುವ ಮುನ್ನ ಪ್ರತಿ ಸಲವೂ ಈ ತುದಿಯಿಂದ ಆ ತುದಿಯವರೆಗೆ ಕಣ್ಣು ಹಾಯಿಸಿ. ಟ್ಯಾಕ್ಸಿವೇ, ಅಂದರೆ ವಿಮಾನ ರನ್‌ವೇಗೆ ಬರುವ ದಾರಿ, ಬಂದು ಸೇರುವ ಜಾಗಗಳಲ್ಲಿ ಕಣ್ಣು ಒಂದು ಕ್ಷಣ ನಿಲ್ಲಲಿ. ರಾತ್ರಿ ಹೊತ್ತು ಅಲ್ಲಿ ನಿಂತ ವಿಮಾನದ ದೀಪ ರನ್‌ವೇ ದೀಪಗಳ ನಡುವೆ ಕರಗಿಹೋಗುತ್ತದೆ.

ಮುಂದಿನದು ಕಿವಿಯ ಕೆಲಸ. ಹೋಲ್ಡ್ ಶಾರ್ಟ್ (ರನ್‌ವೇಗೆ ಬರದೆ ಹೊರಗೇ ನಿಲ್ಲಿ) ಎಂದು ಹೇಳಿದರೆ ಪೈಲಟ್ ರನ್‌ವೇ ಸಂಖ್ಯೆ ಸಮೇತ ಅದನ್ನು ತಿರುಗಿ ಹೇಳಬೇಕು. ಬರೀ ‘ರೋಜರ್’ (ಕೇಳಿಸಿತು) ಬಂದರೆ ಒಪ್ಪಬೇಡಿ, ಮತ್ತೆ ಕೇಳಿ. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫೆ ದ್ವೀಪದ ಮಂಜಿನಲ್ಲಿ ಕೆಎಲ್‌ಎಂ ವಿಮಾನ ಟೇಕಾಫ್‌ನಲ್ಲಿದ್ದೇವೆ ಎಂದಿತು. ಟವರ್ ಓಕೆ ಎಂದು, ಕಾಯಿರಿ ಎಂದೂ ಹೇಳಿತು. ಅದೇ ಹೊತ್ತಿಗೆ, ಇನ್ನೂ ರನ್‌ವೇ ಮೇಲೇ ಇದ್ದ ಪ್ಯಾನ್ ಆಮ್ ವಿಮಾನದವರೂ ಮಾತಾಡಿದ್ದರಿಂದ ಓಕೆಯ ನಂತರದ್ದು ಕೀರಲು ಸದ್ದಿನಲ್ಲಿ ಮುಳುಗಿತು. ಎರಡೂ ವಿಮಾನ ಡಿಕ್ಕಿಯಾಗಿ 583 ಜನ ಹೋದರು. ಎರಡು ದನಿ ಒಂದರ ಮೇಲೊಂದು ಬಿದ್ದದ್ದು ಕೇಳಿಸಿದರೆ, ಅರ್ಥವಾಯಿತು ಅನ್ನಿಸಿದರೂ ಇಬ್ಬರಿಂದಲೂ ಪುನಃ ಹೇಳಿಸಿ.

ಪರದೆಯ ಎಚ್ಚರಿಕೆ ಇದೆಯಲ್ಲ ಎಂದು ಹಗುರಾಗಬೇಡಿ. 2024ರ ಜನವರಿ 2ರಂದು ಟೋಕಿಯೊದ ಹನೇಡಾ ನಿಲ್ದಾಣದಲ್ಲಿ ಕೋಸ್ಟ್ ಗಾರ್ಡ್ ವಿಮಾನ ರನ್‌ವೇ ಮೇಲೆ ನಿಂತಿದ್ದನ್ನು ಪರದೆ ತೋರಿಸುತ್ತಲೇ ಇತ್ತು, ಯಾರ ಗಮನಕ್ಕೂ ಬರಲಿಲ್ಲ. ಇಳಿಯುತ್ತಾ ಅದಕ್ಕೆ ಡಿಕ್ಕಿ ಹೊಡೆದ ಜಪಾನ್ ಏರ್‌ಲೈನ್ಸ್ ವಿಮಾನದ 379 ಮಂದಿಯೂ ಬದುಕಿದರು. ಕೋಸ್ಟ್ ಗಾರ್ಡ್‌ನ ಐವರು ಸತ್ತರು.

ಪಾಳಿ ಬದಲಾಗುವ ಹೊತ್ತು ನನಗೆ ಅತ್ಯಂತ ಆತಂಕದ್ದು. ಕುರ್ಚಿ ಬಿಟ್ಟುಕೊಡುವವರು ರನ್‌ವೇಯಿಂದಲೇ ಶುರುಮಾಡಿ ಒಂದೊಂದೇ ಸ್ಟ್ರಿಪ್ ಮುಟ್ಟಿ ಹೇಳಲಿ. ಹೇಳಿದ ಮೇಲೂ ಕೆಲವು ನಿಮಿಷ ಹಿಂದೆಯೇ ನಿಂತಿರಲಿ. ಮನೆಗೆ ಹೋಗುವ ಅವಸರದಲ್ಲಿ ಇದನ್ನು ನುಂಗಿಹಾಕುವವರನ್ನು ನಾನು ಕುರ್ಚಿಯಿಂದ ಏಳಲು ಬಿಡುವುದಿಲ್ಲ.

ನಿದ್ದೆಗೆಟ್ಟು ಬಂದಿದ್ದರೆ ಮೇಲ್ವಿಚಾರಕರಿಗೆ ಬಾಯಿಬಿಟ್ಟು ಹೇಳಿ. ಜನ ಕಡಿಮೆ ಇದ್ದಾರೆ, ನಾನೂ ಎದ್ದರೆ ಹೇಗೆ ಎಂಬ ಸಂಕೋಚ ಬರುತ್ತದೆ. ಆಳು ಒದಗಿಸುವುದು ಆಡಳಿತದ ಕೆಲಸ, ನಿಮ್ಮ ಕಣ್ಣುರೆಪ್ಪೆಯದಲ್ಲ. ಎರಡು ವಿಮಾನಗಳ ಅಂತರ ಸಾಲುತ್ತದೋ ಇಲ್ಲವೋ ಎಂಬ ಸಂಶಯ ಬಂದರೆ ಗೋ ಅರೌಂಡ್ (ಇಳಿಯದೆ ಮೇಲೇರಿ ಸುತ್ತಿ ಬನ್ನಿ) ಹೇಳಿಬಿಡಿ. ಪೈಲಟ್ ಗೊಣಗಬಹುದು, ಒಂದಿಷ್ಟು ಇಂಧನ ಹೆಚ್ಚು ಖರ್ಚಾಗಬಹುದು, ಅಷ್ಟೇ. ಕೂದಲೆಳೆಯಲ್ಲಿ ಏನಾದರೂ ತಪ್ಪಿದ್ದರೆ ಆ ಕುರ್ಚಿಯಲ್ಲೇ ಮುಂದುವರಿಯಬೇಡಿ. ಇನ್ನೊಬ್ಬರನ್ನು ಕೂರಿಸಿ, ಕೆಳಗಿಳಿದು ಬಂದು ನಡೆದದ್ದನ್ನು ಅಂದೇ ಬರೆದುಕೊಡಿ.